ಬುಧವಾರ ನೆನೆಸಿ ಶುಕ್ರವಾರ ಉಣ್ಣುವ ಮೀನು

ಮುಧೋಳ, ಜಿಲ್ಲಾ ವಿಜಾಪುರ
12-11-1951

ಬಾಳೂ,

ಆಶೀರ್ವಾದ ಇದ್ದೇ ಇದೆ, ಅದನ್ನು ಉದ್ದ ಮಾಡಿ ಬರೆದು ಕಾಗದ ಹಾಳು ಮಾಡುವುದಿಲ್ಲ.

ನಿನ್ನ ಕಾರ್ಡು ಮುಟ್ಟಿತು. ಮೊದಲು ಟಪಾಲಿನ ಸಾತಪ್ಪನಿಗೆ ಮುಟ್ಟಿತು, ಅವನಿಂದ ಬಜಾರಿಗೆ ಮುಟ್ಟಿತು, ಕಡೆಗೆ ನನಗೆ. "ಏನ್ರಿ ನಾಮದೇವಣ್ಣಾ, ನಿಮ್ಮ ಮಗಾ ಸೀರಿ ಮಾರೂದು ಬಿಟ್ಟು ಮೀನ ಕುದಸಾಂವ ಆಗ್ಯಾನಂತ, ಖರೆ ಏನ್ರಿ?" ಎಂದು ಎಲೆಯಡಿಕೆ ಅಂಗಡಿಯವನು ಕೇಳಿದ. ಮನೆಯ ಮಾತನ್ನು ಕಾರ್ಡಿನಲ್ಲಿ ಬರೆಯುವವನು ಬೀದಿಯಲ್ಲಿ ನಿಂತು ಸ್ನಾನ ಮಾಡುವವನಷ್ಟೇ ನಾಚಿಕೆಗೆಟ್ಟವನು. ಇನ್ನು ಮುಂದೆ ಲಕೋಟೆ ಹಾಕು.

ನೀನು ಬರೆದದ್ದನ್ನು ನಿನಗೇ ತಿರುಗಿ ಒಪ್ಪಿಸುತ್ತೇನೆ, ಎಷ್ಟು ಚೆಂದ ಕೇಳಿಸುತ್ತದೆ ನೋಡು. ರಬಕವಿಯ ಮುರಗೆಪ್ಪ ಸಾವಕಾರರ ಸೀರೆ ಗಂಟು ಹೊತ್ತು ಗೋವಾಕ್ಕೆ ಹೋಗಿ ನಾಲ್ಕು ವರ್ಷವಾಯಿತು, ಈಗ ಬೇಸರ ಬಂದಿದೆ. ಮಡಗಾಂವದಲ್ಲಿ ನೀನು ಇಳಿದುಕೊಳ್ಳುವ ವಸತಿಗೃಹದ ಮಾಲೀಕ ಕಾಯ್ತಾನ ಎಂಬವನು ತನ್ನ ಊಟದ ಕೋಣೆಯನ್ನು ನಿನ್ನ ಕೈಗೆ ಕೊಡುತ್ತೇನೆ ಎಂದಿದ್ದಾನೆ. ಕರಾರು ಒಂದೇ. ಅಲ್ಲಿಗೆ ಬರುವ ಪರಊರಿನವರೆಲ್ಲ ಪೋರ್ಚುಗೀಜರ ಉಪ್ಪುಮೀನು, ಆ ಬಕಾಲ್ಯಾವ್, ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರಂತೆ. ಕಿರಿಸ್ತಾನರ ಉಪವಾಸದ ದಿನಗಳಲ್ಲಿ ಒಂದು ಶುಕ್ರವಾರ ನೀನು ಅದನ್ನು ಮಾಡಿ ಬಡಿಸಬೇಕು, ಕಾಯ್ತಾನ ಉಂಡು ಒಪ್ಪಬೇಕು. ಒಪ್ಪದಿದ್ದರೆ ಮತ್ತೆ ಸೀರೆ ಗಂಟು. "ಸಂಸ್ಥಾನದ ಗೆಸ್ಟ್ ಹೌಸಿನಲ್ಲಿ ನೀವು ಅದನ್ನು ಮಾಡಿ ಹೆಸರು ಪಡೆದವರು, ಕ್ರಮ ಬರೆದು ಕಳಿಸಿರಿ" ಎಂದಿದ್ದೀಯ. ಕೊನೆಗೆ ಎರಡು ಬೆರಳು ಜಾಗ ಉಳಿದಿತ್ತು, ಅಲ್ಲಿ "ಅವ್ವ ಹೇಗಿದ್ದಾಳೆ" ಎಂದು ತುರುಕಿದ್ದೀಯ.

ಕ್ರಮ ಬರೆದು ಕಳಿಸಬೇಕಂತೆ! ಬಾಗಿಲ ಹಲಗೆಯ ಹಾಗೆ ಬಿರುಸಾಗಿ, ಬಿಳಿ ಉಪ್ಪು ಮೆತ್ತಿಕೊಂಡು, ಹಡಗು ಹತ್ತಿ ಬರುವ ಮೀನು ಅದು. ಕಾಗದದಲ್ಲಿ ಓದಿ ಕಲಿಯಲು ಅದೇನು ಅಂಕಲಿಪಿಯೇ? ಮೊದಲು ಉಣ್ಣಲು ಕಲಿ. ಪರಊರಿನವನಾಗಿ ಹೋಗಿ, ಮಾಡುವವರ ಮನೆಯಲ್ಲಿ ಕುಳಿತು, ಬಾಯಿ ಮುಚ್ಚಿಕೊಂಡು ಉಣ್ಣು. ಎಲ್ಲಿ ಎಂದು ಈಗಲೇ ಹೇಳುವುದಿಲ್ಲ, ನಿನಗೆ ಅಷ್ಟು ಯೋಗ್ಯತೆ ಇನ್ನೂ ಬಂದಿಲ್ಲ. ಸದ್ಯಕ್ಕೆ ಒಂದು ಮಾತು ನೆನಪಿಡು. ಕುಳಿತ ಕೂಡಲೇ ತಾಟು ಎದುರಿಗೆ ಬಂದರೆ ಎದ್ದು ಬಾ. ಆ ಮೀನಿನ ಉಪ್ಪು ಬಿಡಲು ಎರಡು ದಿನ ಬೇಕು. ನೀನು ಬರುವುದು ಎರಡು ದಿನ ಮೊದಲೇ ಗೊತ್ತಿಲ್ಲದವನು ನಿನಗೆ ಏನು ಬಡಿಸಿಯಾನು? ಮಣ್ಣು.

ನಿನ್ನ ಅವ್ವ ಇದ್ದಾಳೆ. ಇಲ್ಲದೆ ಎಲ್ಲಿ ಹೋಗುತ್ತಾಳೆ?

ನಾಮದೇವ


ಮಡಗಾಂವ
3-12-1951

ತೀರ್ಥರೂಪ ಅಪ್ಪನವರಿಗೆ, ನಿಮ್ಮ ಬೈಗಳನ್ನು ಕಣ್ಣಿಗೊತ್ತಿಕೊಂಡು ಬಾಳು ಮಾಡುವ ನಮಸ್ಕಾರ.

ಲಕೋಟೆಯಲ್ಲಿಯೇ ಹಾಕಿದ್ದೇನೆ. ಎರಡು ಕಡೆ ಉಂಡೆ.

ಮೊದಲನೆಯದು ಇಲ್ಲಿಯ ಸ್ಟೇಶನ್ ಎದುರಿನ ಊಟದ ಮನೆ. ಹಲಗೆಯ ಮೇಲೆ ಬಣ್ಣದಿಂದ ಮೀನು ಬರೆಸಿದ್ದಾರೆ. ಮುಂಬಯಿಯಿಂದ ಬಂದ ನಾಲ್ಕು ಮಂದಿ ನನ್ನ ಪಕ್ಕದಲ್ಲಿ ಕುಳಿತು ಅದನ್ನೇ ತಿಂದು ವಾಹವಾ ಎನ್ನುತ್ತಿದ್ದರು. ತೆಂಗಿನಕಾಯಿ ಅರೆದು ಹಾಕಿದ ಕೆಂಪು ಸಾರು, ಅದರಲ್ಲಿ ನಾರಿನಂಥ ಎರಡು ತುಂಡು. ನನಗೂ ಅದು ತೀರ ಕೆಟ್ಟದೆನಿಸಲಿಲ್ಲ. ನೀವು ಬೈಯುವಿರೆಂದು ಗೊತ್ತಿದ್ದೂ ಖರೆ ಬರೆದಿದ್ದೇನೆ.

ಎರಡನೆಯದು ಪಣಜಿಯಲ್ಲಿ, ನದಿಯ ದಂಡೆಯ ದೊಡ್ಡ ಹೋಟೆಲು. ಬಿಳಿಯ ಬಟ್ಟೆ ಹಾಸಿದ ಮೇಜು, ಕೊರಳಿಗೆ ಕಪ್ಪು ಪಟ್ಟಿ ಕಟ್ಟಿದ ಬಡಿಸುವವನು. ಅವನು ನನ್ನ ಧೋತರ ನೋಡಿ ಮೂಲೆಯಲ್ಲಿ ಕೂಡಿಸಿದ. ತಾಟು ಬಂತು. ಬಟಾಟೆ, ಅದರ ಕೆಳಗೆ ಬಟಾಟೆ, ಅದರ ಕೆಳಗೆ ಎಲ್ಲೋ ಮೀನಿನ ಗುರುತು. ನೀವು ಹೇಳಿದಂತೆ ಎದ್ದು ಬರಬೇಕೆಂದರೆ ಎರಡೂ ಕಡೆ ತಾಟು ಬೇಗನೇ ಬಂತು, ಆದರೆ ಎರಡೂ ಕಡೆ ಹಸಿವೂ ಆಗಿತ್ತು.

ಅಪ್ಪಾ, ದಯವಿಟ್ಟು ಕ್ರಮ ಬರೆಯಿರಿ. ಕಾಯ್ತಾನ ದಿನ ಗೊತ್ತು ಮಾಡಿದ್ದಾನೆ, ಮಾರ್ಚ್ 21. ಅಂದು ಊಟಕ್ಕೆ ಅವನ ಅಣ್ಣತಮ್ಮಂದಿರೂ ಬರುತ್ತಾರೆ. ನನಗೆ ಇಪ್ಪತ್ತೆಂಟಾಯಿತು. ಕಂಡವರ ಹೊಸ್ತಿಲ ಹೊರಗೆ ಕುಳಿತು ಇನ್ನೊಬ್ಬರು ನೇಯ್ದ ಸೀರೆ ಬಿಚ್ಚಿ ಬಿಚ್ಚಿ ತೋರಿಸಿ ಮತ್ತೆ ಮಡಚಿ ನನಗೆ ಸಾಕಾಗಿದೆ. ನನ್ನದು ಅಂತ ಒಂದು ಒಲೆ ಬೇಕು.

ಅವ್ವನಿಗೆ ಓದಿ ಹೇಳಿರಿ.

ಬಾಳು


ಮುಧೋಳ
20-12-1951

ಬಾಳೂ,

ತೆಂಗಿನಕಾಯಿ ಹಾಕಿದ ಬಕಾಲ್ಯಾವ್ ನಿನಗೆ ಕೆಟ್ಟದೆನಿಸಲಿಲ್ಲ ಎಂದು ಬರೆದ ಸಾಲನ್ನು ಎರಡು ಸಲ ಓದಿದೆ, ನನ್ನ ಕನ್ನಡಕದ ತಪ್ಪಿರಬಹುದೇ ಎಂದು. ಕನ್ನಡಕ ಸರಿ ಇದೆ. ಮುಂಬಯಿಯವರು ವಾಹವಾ ಎಂದರಂತೆ. ಅವರು ಗಾಡಿ ಇಳಿದ ಮೇಲೆ ಬಿಸಿ ಇದ್ದದ್ದಕ್ಕೆಲ್ಲ ವಾಹವಾ ಎನ್ನುತ್ತಾರೆ. ಪಣಜಿಯ ಆ ಹೋಟೆಲು ನನಗೂ ಗೊತ್ತು. ಅಲ್ಲಿ ಮೇಜಿನ ಬಟ್ಟೆಯನ್ನು ನೆನೆಹಾಕಿದಷ್ಟು ಹೊತ್ತು ಮೀನನ್ನು ನೆನೆಹಾಕುವುದಿಲ್ಲ.

ಇಲ್ಲಿ ಓಟಿನ ಗದ್ದಲ. ನಿನ್ನೆ ಒಬ್ಬ ಬಂದು ಕೈ ಮುಗಿದು ನನ್ನನ್ನು "ನಾಮದೇವರಾವ" ಎಂದ. ಸಂಸ್ಥಾನ ಇದ್ದಾಗ ಗೆಸ್ಟ್ ಹೌಸಿನ ಹಿಂದಿನ ಬಾಗಿಲಲ್ಲಿ ಉಳಿದ ಪಲಾವಿಗಾಗಿ ಡಬ್ಬಿ ಹಿಡಿದು ನಿಲ್ಲುತ್ತಿದ್ದವನು ಅವನು. ಈಗ ದೇಶ ನಡೆಸುತ್ತಾನಂತೆ.

ನಿನಗೆ ಗೊತ್ತಿರಲಿ ಎಂದು ಬರೆಯುತ್ತೇನೆ. ಮೂವತ್ತೈದನೇ ಇಸವಿಯಲ್ಲಿ ಗೋವಾದಿಂದ ಒಬ್ಬ ಪೋರ್ಚುಗೀಜ್ ಕಪ್ತಾನ ನಮ್ಮ ಬೇಟೆ ನಾಯಿ ಕೊಳ್ಳಲು ಮುಧೋಳಕ್ಕೆ ಬಂದಿದ್ದ. ಗೆಸ್ಟ್ ಹೌಸಿನಲ್ಲಿ ನಾನು ಅವನಿಗೆ ಬಕಾಲ್ಯಾವ್ ಮಾಡಿ ಬಡಿಸಿದೆ. ಉಂಡವನು ಕುರ್ಚಿಯಿಂದ ಎದ್ದು ಅಡಿಗೆಮನೆಗೆ ಬಂದು, ಹಿಟ್ಟು ಹತ್ತಿದ ನನ್ನ ಕೈ ಹಿಡಿದು ಕುಲುಕಿದ. ಜಮಖಂಡಿಯಿಂದ ಬಂದ ಅಧಿಕಾರಿಗಳು ನೋಡುತ್ತ ನಿಂತಿದ್ದರು. ಅವರ ಕೈಯನ್ನು ಅವನು ಕುಲುಕಿರಲಿಲ್ಲ.

ಅದರ ರುಚಿ ಹೀಗಿರಬೇಕು. ಬಾಯಿಗೆ ಮೊದಲು ಎಣ್ಣೆ ಬರಬೇಕು, ಆಮೇಲೆ ಮೀನು ಪದರು ಪದರಾಗಿ ತಾನೇ ಬಿಚ್ಚಿಕೊಳ್ಳಬೇಕು, ಕೊನೆಗೆ ಉಪ್ಪು ಇದೆಯೋ ಇಲ್ಲವೋ ಅನ್ನುವ ಹಾಗೆ ಇರಬೇಕು. ಇದನ್ನು ಬಲ್ಲವರು ಈ ಘಟ್ಟದ ಮೇಲೆ ಒಬ್ಬರೇ ಇದ್ದಾರೆ. ನಿನಗೆ ಅವರು ಅಪ್ಪ ಆಗಬೇಕು.

ಈಗ ಮುರಗಾಂವ ಬಂದರಿಗೆ ಹೋಗಿ ಖಲಾಸಿಗಳು ತಿನ್ನುವ ಕಡೆ ಉಣ್ಣು. ಅಲ್ಲಿಯದು ಎಲ್ಲಕ್ಕೂ ಕೆಟ್ಟದು. ಕೆಟ್ಟದ್ದು ಏಕೆ ಕೆಟ್ಟದ್ದೆಂದು ತಿಳಿದು ಬರೆ, ಆಮೇಲೆ ಒಳ್ಳೆಯದರ ವಿಚಾರ.

ನಿನ್ನ ಕಾಗದವನ್ನು ನಿನ್ನ ಅವ್ವನಿಗೆ ಓದಿ ಹೇಳಿದೆ. "ನೀರು ಎಷ್ಟ ಸಲ ಬದಲ ಮಾಡ್ತಾನಂತ ಕೇಳ್ರಿ" ಎಂದಳು. ಬೀಳಗಿ ಕಡೆ ಹೊಳೆಯ ಕೆಸರು ಮೀನು ತಿಂದು ಬೆಳೆದವಳು, ಅವಳಿಗೂ ಇದರಲ್ಲಿ ಒಂದು ಮಾತು ಬೇಕು. ಸುಮ್ಮನಿರು ಎಂದೆ.

ನಾಮದೇವ


ಮಡಗಾಂವ
16-1-1952

ಅಪ್ಪಾ, ಸಂಕ್ರಾಂತಿಯ ಎಳ್ಳಿಲ್ಲದ ನಮಸ್ಕಾರ. ಇಲ್ಲಿ ಕುಸುರೆಳ್ಳು ಸಿಗಲಿಲ್ಲ.

ಮುರಗಾಂವದ ಉತ್ತರ ಇದು. ಅಲ್ಲಿ ಮೀನನ್ನು ಮುಂಜಾನೆ ನೀರಿಗೆ ಹಾಕಿ ಮಧ್ಯಾಹ್ನಕ್ಕೆ ಹುರಿಯುತ್ತಾರೆ. ಬೇಕೆಂದೇ ಉಪ್ಪು ಉಳಿಸುತ್ತಾರೆ. ಉಪ್ಪು ತಿಂದವನು ಹೆಚ್ಚು ಕುಡಿಯುತ್ತಾನೆ, ಅವರ ವ್ಯಾಪಾರ ಇರುವುದು ಬಾಟಲಿಯಲ್ಲಿ, ತಾಟಿನಲ್ಲಿ ಅಲ್ಲ. ಇದು ನನಗೇ ಹೊಳೆಯಿತು. ಹೊಗಳಿರಿ ಎಂದು ಕೇಳುವುದಿಲ್ಲ.

ಇನ್ನೊಂದು ಸುದ್ದಿ. ಕಳೆದ ಶುಕ್ರವಾರ ನಾನೇ ಮಾಡಿ ನೋಡಿದೆ. ಎರಡು ದಿನ ನೆನೆಹಾಕಿದೆ. ಇಲ್ಲಿಯ ಸೆಕೆಗೆ ನೀರು ಹುಳಿ ವಾಸನೆ ಹೊಡೆಯಿತು, ಮೇಲೆ ಸಪ್ಪೆ, ಒಳಗೆ ಉಪ್ಪು ಹಾಗೆಯೇ. ಕಾಯ್ತಾನ ಒಂದು ತುತ್ತು ಬಾಯಿಗಿಟ್ಟ. ನುಂಗಲಿಲ್ಲ, ಉಗುಳಲೂ ಇಲ್ಲ, ಎದ್ದು ಹಿತ್ತಲಿಗೆ ಹೋದ. ತಿರುಗಿ ಬಂದು, ಮಾರ್ಚಿನಲ್ಲಿ ಇದೇ ಆದರೆ ಸೀರೆ ಮಾರುವವನು ಸೀರೆ ಮಾರುವುದೇ ಮೇಲು ಎಂದ. ಮುರಗೆಪ್ಪ ಸಾವಕಾರರಿಗೆ ನಾನು ಕೆಲಸ ಬಿಡುವ ಮಾತನ್ನು ಈಗಾಗಲೇ ತಿಳಿಸಿಬಿಟ್ಟಿದ್ದೇನೆ. ಅವರು ನನ್ನ ಜಾಗಕ್ಕೆ ಬನಹಟ್ಟಿಯವನೊಬ್ಬನನ್ನು ಹಿಡಿದಿದ್ದಾರೆ.

ಎಲ್ಲಿ ಎಂದು ಹೇಳದೆ ಬಿಟ್ಟಿರಲ್ಲ, ಗೋವಾದಲ್ಲಿ ನೀವು ಉಂಡ ಆ ಮನೆಯ ಗುರುತು ಕೊಡಿ. ನಾನು ಇಷ್ಟು ಸಣ್ಣವನಾಗಿ ಯಾರ ಹತ್ತಿರವೂ ಕೇಳಿಲ್ಲ.

ಬಾಳು


ಮುಧೋಳ
2-2-1952

ಬಾಳೂ,

ತೊಗಲು ಮೇಲೆ ಮಾಡಿ ನೆನೆಹಾಕಬೇಕೋ, ಕೆಳಗೆ ಮಾಡಿಯೋ? ನೀನು ಕೆಳಗೆ ಮಾಡಿದ್ದೀಯ, ಬರೆಯದಿದ್ದರೂ ನನಗೆ ಗೊತ್ತು. ತೊಗಲು ಕೆಳಗಿದ್ದರೆ ಇಳಿಯುವ ಉಪ್ಪು ಹಾದಿ ಸಿಗದೆ ಒಳಗೇ ಕುಳಿತಿರುತ್ತದೆ. ಇಷ್ಟು ತಿಳಿಯದವನು ಊಟದ ಕೋಣೆ ನಡೆಸುತ್ತಾನಂತೆ. ಕಾಯ್ತಾನ ಹಿತ್ತಲಿಗೆ ಹೋದದ್ದು ಅವನ ದೊಡ್ಡಸ್ತಿಕೆ, ನಾನಾಗಿದ್ದರೆ ತಾಟು ಹಿತ್ತಲಿಗೆ ಹೋಗುತ್ತಿತ್ತು.

ಗುರುತು ಬರೆದುಕೋ. ಪಣಜಿಯಲ್ಲಿ ಫೊಂತೇನ್ಯಾ ಎಂಬ ಹಳೆಯ ಕೇರಿ ಇದೆ. ಅಲ್ಲಿ ಬುಗ್ಗೆಯ ಕಡೆಯಿಂದ ಏರಿದರೆ ಹಸಿರು ಬಾಗಿಲಿನ ಹಳದಿ ಮನೆ. ದೋನಾ ಎಮಿಲಿಯಾ ಎಂಬ ವಿಧವೆಯ ಮನೆ. ಹಲಗೆ ಇಲ್ಲ, ಬಣ್ಣದ ಮೀನಿಲ್ಲ. ವಾರಕ್ಕೆ ಶುಕ್ರವಾರ ಒಂದೇ ದಿನ, ಎಂಟು ಮಂದಿಗೆ ಮಾತ್ರ. ಬುಧವಾರ ಬೆಳಿಗ್ಗೆ ಹೇಳಿ ಕಳಿಸಬೇಕು, ಏಕೆಂದರೆ ಬುಧವಾರ ಮೀನು ನೀರಿಗೆ ಬೀಳುತ್ತದೆ. ಹೇಳಿಕಳಿಸದೆ ಶುಕ್ರವಾರ ಬಂದವನು ಗವರ್ನರನಾದರೂ ಮೆಟ್ಟಿಲ ಮೇಲಿಂದಲೇ ತಿರುಗಿ ಹೋಗಬೇಕು. ಪರಊರಿನಿಂದ ಬಂದವನು ಆ ಮೀನನ್ನು ಉಣ್ಣತಕ್ಕ ಜಾಗ ಇಡೀ ಗೋವಾದಲ್ಲಿ ಅದೊಂದೇ, ಉಳಿದದ್ದೆಲ್ಲ ಗಿರಾಕಿಯ ಚೀಲ ನೋಡುವ ಅಂಗಡಿ.

ಆಕೆ ಬದುಕಿದ್ದರೆ ಎಪ್ಪತ್ತೈದಾದರೂ ಆಗಿರಬೇಕು. ಮುಧೋಳದ ನಾಮದೇವನ ಮಗ ಎಂದು ಹೇಳು. ಎರಡು ತಿಂಗಳು ಶುಕ್ರವಾರ ತಪ್ಪದೆ ನಾನು ಅಲ್ಲಿ ತಾಟಿನ ಮುಂದೆ ಕುಳಿತವನು. ಹೋಗು, ಉಣ್ಣು, ಏನು ಉಂಡೆ ಎಂದು ತಿಳಿದು ಬರೆ.

ನಿನ್ನ ಅವ್ವ ಕುಸುರೆಳ್ಳು ಕಟ್ಟಿಟ್ಟಿದ್ದಾಳೆ. ಗಡಿ ದಾಟಿಸಿ ಎಳ್ಳು ಕಳಿಸಲು ನಾನೇನು ಸಾವಕಾರನೇ?

ನಾಮದೇವ


ಮಡಗಾಂವ
18-2-1952

ಅಪ್ಪಾ,

ಹೋದೆ. ಬುಧವಾರ ಹೇಳಿಕಳಿಸಿ ಶುಕ್ರವಾರ ಹೋದೆ. ಹಸಿರು ಬಾಗಿಲು ಈಗ ನೀಲಿ ಆಗಿದೆ, ದೋನಾ ಎಮಿಲಿಯಾ ಇದ್ದಾರೆ. ಕಿವಿ ಸ್ವಲ್ಪ ಮಂದ, ಕಣ್ಣು ಚುರುಕು. ಮೀನಿನ ವಿಷಯ ಮೊದಲು ಬರೆದುಬಿಡುತ್ತೇನೆ. ಅದು ನೀವು ಬರೆದಂತೆಯೇ ಇತ್ತು. ಮೊದಲು ಎಣ್ಣೆ, ಆಮೇಲೆ ಪದರು, ಕೊನೆಗೆ ಉಪ್ಪು ಇದೆಯೋ ಇಲ್ಲವೋ ಅನ್ನುವ ಹಾಗೆ. ಬಟಾಟೆ, ಉಳ್ಳಾಗಡ್ಡಿ, ಬೇಯಿಸಿದ ತತ್ತಿ ಎಲ್ಲ ಅದರ ಸೇವಕರ ಹಾಗೆ ಸುಮ್ಮನೆ ಪಕ್ಕದಲ್ಲಿದ್ದವು. ನಾನು ಅಷ್ಟು ಒಳ್ಳೆಯದನ್ನು ಯಾವತ್ತೂ ಉಂಡಿಲ್ಲ.

ತಾಟು ಮುಗಿದ ಮೇಲೆ ನಾನು ಯಾರ ಮಗನೆಂದು ಹೇಳಿದೆ. ಆಕೆ ಖುಷಿಪಟ್ಟು ಕೊಂಕಣಿಯಲ್ಲಿ ಹೇಳಿದ್ದನ್ನು ಬರೆಯುತ್ತೇನೆ, ಒಂದಕ್ಷರ ಸೇರಿಸಿಲ್ಲ. "ನೀನು ಉಂಡೆ, ನಿನ್ನಪ್ಪ ಉಣ್ಣಲಿಲ್ಲ. ಎಂಟು ಶುಕ್ರವಾರ ತಾಟಿನ ಮುಂದೆ ಕುಳಿತ. ಬೆರಳಿನಿಂದ ಪದರು ಬಿಡಿಸುವನು, ಮೂಸುವನು, ಬೆಳಕಿಗೆ ಹಿಡಿಯುವನು, ತಾಟನ್ನು ಆಚೆ ಸರಿಸುವನು. ನನ್ನ ಅಗಸಗಿತ್ತಿ ಅದನ್ನು ಉಂಡು ದಪ್ಪಗಾದಳು. ಏಕೆ ಉಣ್ಣುವುದಿಲ್ಲ ಎಂದು ನಾನು ಜಗಳ ತೆಗೆದಾಗ ಅಂಗಿಯ ಗುಂಡಿ ಬಿಚ್ಚಿ ಮಣಿಸರ ತೋರಿಸಿದ. ಅದನ್ನು ಹಾಕಿಕೊಂಡವರು ಮೀನು ಮಾಂಸ ಮುಟ್ಟುವ ಹಾಗಿಲ್ಲವಂತೆ. ಹಾಗಾದರೆ ಊರಲ್ಲಿ ಉಪ್ಪು ಹೇಗೆ ನೋಡುತ್ತೀ ಎಂದೆ. ನಕ್ಕ. ಇದ್ದಾರೆ ಒಬ್ಬರು ಎಂದ."

ಪಂಢರಪುರದ ತುಳಸಿಮಾಲೆ! ಸಂಸ್ಥಾನ ಹೋಗಿ ನೌಕರಿ ಹೋದ ಮೇಲೆ ನೀವು ಮಾಲೆ ಹಾಕಿಕೊಂಡಿರಿ ಎಂದು ಊರೆಲ್ಲ ತಿಳಿದಿದೆ, ನಾನೂ ತಿಳಿದಿದ್ದೆ. ಅಡಿಗೆಮನೆಯಲ್ಲಿ ರುಚಿ ನೋಡಿಯೇ ಹೊಟ್ಟೆ ತುಂಬಿದೆ ಎಂದು ನೀವು ಮನೆಗೆ ಬಂದು ರೊಟ್ಟಿ ಜುಣಕ ಉಣ್ಣುತ್ತಿದ್ದಿರಿ. ನಾವು ಮಕ್ಕಳು ಪಾಪ ಅಪ್ಪ ಎಷ್ಟು ದೊಡ್ಡ ದೊಡ್ಡ ಊಟ ಉಂಡು ದಣಿದಿದ್ದಾರೆ ಎನ್ನುತ್ತಿದ್ದೆವು. ಇಷ್ಟು ವರ್ಷ ಅಂಗಿಯ ಒಳಗೆ ಸರ, ಅಂಗಿಯ ಮೇಲೆ ಸೊಕ್ಕು.

ಅವ್ವ ಮಾಡಿದ ಸಾರಿನ ಗಡಿಗೆಯನ್ನು ಅಂಗಳಕ್ಕೆ ಎಸೆದದ್ದು ನನಗೆ ನೆನಪಿದೆ. "ನಾಲಗಿ ಸತ್ತೈತೇನ ನಿನಗ?" ಎಂದು ನೀವು ಕೂಗಿದ್ದಿರಿ. ಅವಳು ಅಂಗಳದಲ್ಲಿ ಕುಳಿತು ಚೂರು ಆರಿಸಿದಳು. ಅಪ್ಪಾ, ಉಣ್ಣದವರು ನೀವು. ಸ್ಟೇಶನ್ನಿನವನನ್ನು, ಹೋಟೆಲಿನವನನ್ನು, ಖಲಾಸಿಗಳನ್ನು, ನನ್ನನ್ನು ಮೂರು ತಿಂಗಳಿಂದ ಬೈದಿರಲ್ಲ. ಆ ಸ್ಟೇಶನ್ನಿನವನು ತಾನು ಮಾಡಿದ ಕೆಟ್ಟ ಸಾರನ್ನು ತಾನಾದರೂ ಉಣ್ಣುತ್ತಾನೆ.

ನಿಮ್ಮ ಕ್ರಮ ನನಗೆ ಬೇಕಾಗಿಲ್ಲ.

ಬಾಳು


ಮಡಗಾಂವ
3-3-1952

ಅಪ್ಪಾ,

ನಿಮ್ಮ ಉತ್ತರ ಬರಲಿಲ್ಲ, ನಾನು ಕೇಳಿಯೂ ಇರಲಿಲ್ಲ.

ದೋನಾ ಎಮಿಲಿಯಾ ಹೇಳಿಕೊಟ್ಟಂತೆ ಎರಡು ಸಲ ಮಾಡಿದೆ. ತೊಗಲು ಮೇಲೆ ಮಾಡಿದೆ, ಮಡಕೆಯನ್ನು ತಂಪಿಗಾಗಿ ಹಸಿ ಮರಳಿನಲ್ಲಿ ಇಟ್ಟೆ. ಒಮ್ಮೆ ಸಪ್ಪೆ, ಒಮ್ಮೆ ಉಪ್ಪು. ತುಂಡು ದಪ್ಪ ಇದ್ದರೆ ಒಂದು ಲೆಕ್ಕ, ತೆಳ್ಳಗಿದ್ದರೆ ಇನ್ನೊಂದು. ನೀರು ಮುಟ್ಟಿ ನಾಲಗೆಗೆ ಹಚ್ಚಿ ತಿಳಿಯಬೇಕಂತೆ. ನನಗೆ ತಿಳಿಯುವುದಿಲ್ಲ. ಆಕೆ ಬಂದು ನೋಡಲು ಆಕೆಯ ಕಾಲು ಬರುವುದಿಲ್ಲ. ಇನ್ನು ಹದಿನೆಂಟು ದಿನ ಇದೆ.

ಅವ್ವನಿಗೆ ಇದನ್ನು ಓದಿ ಹೇಳಿರಿ. ಹಿಂದಿನದನ್ನು ಓದಿ ಹೇಳಬೇಡಿರಿ.

ಬಾಳು


ಮುಧೋಳ
9-3-1952

ಬಾಳೂ,

ಹಿಂದಿನದನ್ನೂ ಓದಿ ಹೇಳಿದೆ. ಗಡಿಗೆ ಎಸೆದ ಸಾಲು ಬಂದಾಗ ಅವಳು "ಅಂವಗ ನೆನಪೈತಿ?" ಎಂದಳು, ಅಷ್ಟೇ. ಎರಡು ವಾರ ನನ್ನೊಂದಿಗೆ ಅದರ ಮಾತೇ ಎತ್ತಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ.

ಕಪ್ತಾನ ಬಂದದ್ದು ಒಂದು ಸಲ ಅಲ್ಲ, ಎರಡು ಸಲ. ಮೂವತ್ತನಾಲ್ಕರಲ್ಲಿ ಮೊದಲು ಬಂದಾಗ ತನ್ನ ಮೀನು ತಾನೇ ತಂದಿದ್ದ. ನಾವು ಘಟ್ಟದ ಮೇಲಿನವರು, ಒಣಗಿದ್ದು ಏನೇ ಬಂದರೂ ಒಮ್ಮೆ ತೊಳೆದು ಖಾರ ಹಚ್ಚಿ ಹುರಿಯುವವರು. ನಾನೂ ಹಾಗೇ ಮಾಡಿದೆ. ಅವನು ಉಗುಳಿ, ಉಳಿದದ್ದನ್ನು ಕಾಲ ಬಳಿ ಇದ್ದ ನಾಯಿಗೆ ಹಾಕಿದ. ನಾಯಿ ಮೂಸಿ ಮುಖ ತಿರುಗಿಸಿತು. ಮುಧೋಳದ ನಾಯಿ! ಮಂದಿಯೆಲ್ಲ ನಕ್ಕರು. ಅದರ ಮೇಲೆಯೇ ನನ್ನನ್ನು ಗೋವಾಕ್ಕೆ ಕಲಿಯಲು ಕಳಿಸಿದ್ದು. ಇದನ್ನು ನಾನು ಯಾರಿಗೂ ಹೇಳಿಲ್ಲ, ಏಕೆ ಹೇಳಲಿ?

ಮಾಲೆ ನಮ್ಮಪ್ಪ ನನಗೆ ಎಂಟನೇ ವರ್ಷಕ್ಕೆ ಹಾಕಿದ್ದು. ಅವರು ಪಂಢರಪುರದ ಹಾದಿಯಲ್ಲಿಯೇ ಸತ್ತರು, ತೆಗೆಯಲು ಕೈ ಬರಲಿಲ್ಲ. ಮಾಲೆಯವನಿಗೆ ಮಾಂಸದ ಅಡಿಗೆಮನೆಯಲ್ಲಿ ಕೆಲಸ ಯಾರು ಕೊಡುತ್ತಾರೆ? ಅಂಗಿಯೊಳಗೆ ಇಟ್ಟೆ. ಮೂಗು ಇತ್ತು, ಕಣ್ಣು ಇತ್ತು, ಬೆರಳು ಇತ್ತು. ಬೆಂದದ್ದು ನನಗೆ ಗೊತ್ತಾಗುತ್ತದೆ, ಪದರು ಗೊತ್ತಾಗುತ್ತದೆ. ಉಪ್ಪಿಗೆ ವಾಸನೆ ಇಲ್ಲ, ಬಾಳೂ. ಅದೊಂದು ನಾಲಗೆಗೇ ಗೊತ್ತಾಗಬೇಕು.

ನಿನ್ನ ಅವ್ವ ಗೆಸ್ಟ್ ಹೌಸಿನಲ್ಲಿ ಮಸಾಲೆ ಅರೆಯುತ್ತಿದ್ದದ್ದು ನಿನಗೆ ಗೊತ್ತು. ಅರೆಯುವ ಕಲ್ಲು ಒಲೆಯ ಎದುರಿಗೇ ಇತ್ತು. ನಾನು ಸೌಟಿನಲ್ಲಿ ತುಸು ತೆಗೆದು ಕಲ್ಲಿನ ಅಂಚಿಗೆ ಇಡುತ್ತಿದ್ದೆ. ಅವಳು ಬೆರಳಲ್ಲಿ ತೆಗೆದು ಬಾಯಿಗೆ ಹಚ್ಚುತ್ತಿದ್ದಳು. ಸರಿ ಇದ್ದರೆ ಸುಮ್ಮನೆ ಅರೆಯುತ್ತಿದ್ದಳು. ಉಪ್ಪು ಹೆಚ್ಚಾದರೆ ಸೆರಗು ಬಾಯಿಗೆ ಹಿಡಿಯುತ್ತಿದ್ದಳು, ಖಾರದ ಘಾಟಿಗೆ ಹಿಡಿದಂತೆ. ಯಾರಿಗೂ ತಿಳಿಯಲಿಲ್ಲ. ಹದಿನೆಂಟು ವರ್ಷ ಸಂಸ್ಥಾನದ ಅತಿಥಿಗಳು ಉಂಡದ್ದು ಅವಳ ನಾಲಗೆ. ಬಕಾಲ್ಯಾವಿನ ರುಚಿ ಹೀಗಿರಬೇಕೆಂದು ನಿನಗೆ ಬರೆದೆನಲ್ಲ, ಆ ಮಾತೂ ಅವಳದೇ. ಗೋವಾದಿಂದ ನಾನು ತಂದ ಮೀನನ್ನು ಮಾಡಿದಾಗ ಬಾಯಿಗಿಟ್ಟು, "ಉಪ್ಪು ಐತೋ ಇಲ್ಲೋ ಅನ್ನೂ ಹಂಗ ಇರಬೇಕ್ರಿ ಇದು" ಎಂದಿದ್ದಳು.

ನಾಲಗೆ ಸತ್ತಿದೆಯೇನು ಎಂದು ಕೂಗಿದ್ದು ಹೌದು. ನನ್ನ ಅನ್ನ ಇನ್ನೊಬ್ಬರ ನಾಲಗೆಯ ಮೇಲಿದೆ ಎಂದು ತಿಳಿದವನು ಅದನ್ನೇ ಬೈಯುತ್ತಾನೆ. ನೀನು ಬುದ್ಧಿವಂತ, ಬಂದರಿನವರ ಉಪ್ಪಿನ ಗುಟ್ಟು ಕಂಡುಹಿಡಿದವನು, ಇದು ನಿನಗೆ ಹೊಳೆಯಲಿಲ್ಲವೇ?

ಎಲ್ಲಿ ಹೋಗುತ್ತಾಳೆ ಎಂದು ಬರೆದಿದ್ದೆ. ಹೋಗುತ್ತಿದ್ದಾಳೆ. ಶನಿವಾರ ಬೆಳಗಾವಿ ಬಸ್ಸಿಗೆ ಕೂಡಿಸುತ್ತೇನೆ, ಅಲ್ಲಿಂದ ಅವಳ ತಮ್ಮ ಮಡಗಾಂವದವರೆಗೆ ಗಾಡಿಯಲ್ಲಿ ಬಿಟ್ಟು ಬರುತ್ತಾನೆ. ಸೋಮವಾರ ಸ್ಟೇಶನ್ನಿಗೆ ಹೋಗು. ಮಡಕೆಯ ಪಕ್ಕ ಕೂಡಿಸು, ಸೆರಗು ನೋಡುತ್ತಿರು. ಸೆರಗು ಬಾಯಿಗೆ ಏಳುತ್ತಿರುವವರೆಗೆ ನೀರು ಬದಲಿಸು, ಏಳದಿದ್ದರೆ ಒಲೆಗಿಡು. ನಿನ್ನ ಬುದ್ಧಿ ಉಪಯೋಗಿಸಬೇಡ.

ಅವಳನ್ನು ಒಂದು ಕೇಳುವುದಿದೆ, ನನ್ನ ಹೆಸರು ಹೇಳದೆ ಕೇಳು. ಮೂವತ್ತೈದರಲ್ಲಿ ಕಪ್ತಾನ ಕೈ ಕುಲುಕಿದ ದಿನ ಅವಳು ಸೆರಗು ಎತ್ತಲಿಲ್ಲ. ಅಂದು ಅದು ಖರೆಯೇ ಸರಿ ಇತ್ತೇ?

ನಾಮದೇವ


ಮಡಗಾಂವ
24-3-1952

ತೀರ್ಥರೂಪ ಅಪ್ಪನವರಿಗೆ ಬಾಳುವಿನ ನಮಸ್ಕಾರ, ಈ ಸಲ ಮನಸ್ಸಿನಿಂದ.

ಊಟದ ಕೋಣೆ ನನ್ನದಾಯಿತು.

ಅವ್ವ ಜೋಳದ ಹಿಟ್ಟಿನ ಗಂಟು, ಕುಸುರೆಳ್ಳಿನ ಡಬ್ಬಿ ಹಿಡಿದು ಇಳಿದಳು. ಕಾಯ್ತಾನನ ಅಡಿಗೆಮನೆ ನೋಡಿ, "ಇಷ್ಟು ಹೊಲಸ ಒಲಿ ಮ್ಯಾಲ ಮಾಡಿದ್ದು ಯಾಂವರೆ ತಿಂತಾನೇನ?" ಎಂದು ಮೊದಲ ದಿನ ಪೂರ್ತಿ ತಿಕ್ಕಿದಳು. ಬುಧವಾರ ಬೆಳಿಗ್ಗೆ ಮೀನು ನೀರಿಗೆ ಬಿತ್ತು. ಅವಳು ಮಡಕೆಯ ಪಕ್ಕ ಮಣೆ ಹಾಕಿಕೊಂಡು ಕುಳಿತಳು. ಹೊತ್ತು ಹೊತ್ತಿಗೆ ಬೆರಳು ಅದ್ದಿ ನಾಲಗೆಗೆ ಹಚ್ಚುವಳು, ಸೆರಗು ಬಾಯಿಗೆ ಹೋಗುವುದು, ನಾನು ನೀರು ಚೆಲ್ಲಿ ಹೊಸದು ಹಾಕುವೆ. ಏಳು ಸಲ ಆಯಿತು. ನಾನು ಎರಡು ದಿನಕ್ಕೆ ನಾಲ್ಕು ಸಲ ಮಾಡುತ್ತಿದ್ದೆ. ಶುಕ್ರವಾರ ಮುಂಜಾನೆ ಬೆರಳು ಬಾಯಿಗಿಟ್ಟು ಸುಮ್ಮನೆ ಕುಳಿತಳು. ಸೆರಗು ತೊಡೆಯ ಮೇಲೆಯೇ ಇತ್ತು. ನಾನು ಒಲೆ ಹಚ್ಚಿದೆ.

ಕಾಯ್ತಾನ ಅಣ್ಣತಮ್ಮಂದಿರೊಂದಿಗೆ ಉಂಡ. ರೊಟ್ಟಿಯ ಚೂರಿನಿಂದ ತಾಟು ಒರೆಸಿ ತಿಂದ. ಆಮೇಲೆ ಅಡಿಗೆಮನೆಯ ಕೀಲಿ ತಂದು ನನ್ನ ಎದುರಿಗೆ ಮೊಳೆಗೆ ನೇತುಹಾಕಿದ. ಬಕಾಲ್ಯಾವ್ ಬೇಕಾದ ಪರಊರಿನವರು ಬುಧವಾರವೇ ಹೇಳಿಕಳಿಸಬೇಕೆಂದು ನಾನೇ ಹಲಗೆ ಬರೆಸಿದ್ದೇನೆ. ಮೀನಿನ ಚಿತ್ರ ಹಾಕಿಸಿಲ್ಲ.

ನಿಮ್ಮ ಪ್ರಶ್ನೆ ಕೇಳಿದೆ. ಹೆಸರು ಹೇಳದೆಯೇ ಕೇಳಿದೆ, ಆದರೂ ಅವಳಿಗೆ ಯಾರದೆಂದು ತಿಳಿಯಿತು. ಹೇಳಿದ್ದು ಇದು: "ಆವತ್ತ ಉಪ್ಪು ಜಾಸ್ತಿನ ಇತ್ತಪಾ. ಆದ್ರ ಸಾಹೇಬನ ಮೋಟಾರ ಬಾಗಲಿಗಿ ಬಂದ ನಿಂತಿತ್ತು. ನಿಮ್ಮಪ್ಪ ಹೊಸಾ ಪಟಗಾ ಸುತ್ಗೊಂಡು ಒಂದ ವರಸದಿಂದ ಆ ದಿನದ ಸಲವಾಗಿ ಕಾದಿದ್ರು. ಸೆರಗ ಎತ್ತಾಕ ಕೈ ಬರಲಿಲ್ಲ. ಆ ಸಾಹೇಬನ ನಾಲಗಿ ಉಪ್ಪಿನ ನಾಲಗಿ, ಉಂಡ. ಅಂವ ಕೈ ಕುಲಕಿದಾಗ ನಾ ಒಳಗ ಕುಂತು ಅತ್ನಿ."

ಅವಳನ್ನು ಮುಂದಿನ ವಾರ ಕಳಿಸುತ್ತೇನೆ ಎಂದೆ. ಬರುವುದಿಲ್ಲ ಎಂದಳು. ಕೋಪದಿಂದಲ್ಲ, ಹಿಟ್ಟು ನಾದುತ್ತ ಹೇಳಿದಳು. "ಲಗ್ನಾಗಿ ಮೂವತ್ತ ವರಸಾತು, ನನ್ನ ಸೆರಗ ನೋಡ್ಯಾರ, ಮಾರಿ ನೋಡಿಲ್ಲ. ಉಪ್ಪು ಹೆಂಗೈತಿ ಅಂತ ಒಂದ ದಿನಾ ಬಾಯಿ ಬಿಟ್ಟು ಕೇಳಿಲ್ಲ. ಮಂದಿ ಮುಂದ ಕೇಳಲಿ, ಬರ್ತೀನಿ. ಇಲ್ಲಂದ್ರ ಇಲ್ಲೂ ಒಲಿ ಐತಿ."

ನಾನು ನಡುವೆ ಏನೂ ಹೇಳುವುದಿಲ್ಲ.

ಬಾಳು


ಕಾರ್ಡು

ಸೌ. ಅನಸವ್ವ, ಕಾಯ್ತಾನನ ವಸತಿಗೃಹ, ಮಡಗಾಂವ, ಗೋವಾ

ಮುಧೋಳ
5-4-1952

ಬೇಕೆಂದೇ ಕಾರ್ಡು ಬರೆದಿದ್ದೇನೆ. ಸಾತಪ್ಪ ಓದಲಿ, ಬಜಾರು ಓದಲಿ, ಗಡಿಯಲ್ಲಿ ಕಾವಲು ನಿಂತವರೂ ಓದಲಿ. ಬಾಳು ಗಟ್ಟಿಯಾಗಿ ಓದಿ ಹೇಳಲಿ, ಕಾಯ್ತಾನನಿಗೂ ಕೇಳಿಸಲಿ. ಇಲ್ಲಿ ಖಾನಾವಳಿಯಲ್ಲಿ ಉಣ್ಣುತ್ತಿದ್ದೇನೆ. ಅವನ ಬೇಳೆಯನ್ನು ಬೈಯಲು ಬಾಯಿ ತೆರೆದೆ, ಮುಚ್ಚಿದೆ, ಉಂಡು ಬಂದೆ.

ಅನಸವ್ವಾ, ಉಪ್ಪು ಹೆಂಗಿತ್ತು?

ನಾಮದೇವ